ಅಕ್ಕ ಹುಡುಕಿದ ಮಾತ್ರೆ

ಅಕ್ಕ ದಿಂಬಿನ ಹೊಲಿಗೆ ಬಿಚ್ಚಿ ಒಳಗೆ ಕೈ ಹಾಕಿದಳು. ಹತ್ತಿ ಬಂತು, ಮತ್ತೆ ಹತ್ತಿಯೇ ಬಂತು. ಹಾಸಿಗೆಯನ್ನು ಆಗಲೇ ಮಗುಚಿಯಾಗಿತ್ತು. ಕೋಟಿನ ಜೇಬುಗಳನ್ನು ಒಳಹೊರಗು ಮಾಡಿಯಾಗಿತ್ತು. ಕಿಟಕಿಯಾಚೆಯ ಹೂಕುಂಡದ ಮಣ್ಣನ್ನೂ ಕೆದಕಿಯಾಗಿತ್ತು.

ಪಕ್ಕದ ಕೋಣೆಯಲ್ಲಿ ತಮ್ಮ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ನಿನ್ನೆ ಊಟಕ್ಕೆ ಕೂತವನು ಎದೆ ಹಿಡಿದುಕೊಂಡು ಕುಸಿದ, ಏಳಲಿಲ್ಲ. ಹೃದಯಾಘಾತ ಎಂದರು. ಅಕ್ಕ ಒಪ್ಪಲಿಲ್ಲ. ವರ್ಷಗಟ್ಟಲೆ ಅವನನ್ನು ಒಳಗೊಳಗೇ ತಿಂದದ್ದು ಖಿನ್ನತೆ. ಅದಕ್ಕೆ ಕೊಟ್ಟ ಮಾತ್ರೆಗಳನ್ನು ಅವನು ನುಂಗದೆ ಎಲ್ಲೋ ಬಚ್ಚಿಡುತ್ತಿದ್ದ ಎಂಬುದು ಅವಳ ಗಟ್ಟಿ ನಂಬಿಕೆ. ಇವತ್ತು ಒಂದೇ ಒಂದು ಮಾತ್ರೆ ಕೈಗೆ ಸಿಕ್ಕಿದ್ದರೆ ಸಾಕಿತ್ತು. ಅವನ ಮೇಲೆ ಸಿಟ್ಟು ಮಾಡಿಕೊಂಡು ಮನಸಾರೆ ಅಳಬಹುದಿತ್ತು.

ಅಂಗಳದಲ್ಲಿ ಬಣ್ಣದ ಮನೆಯ ಕೆಲಸದವರು ನೆರೆದಿದ್ದರು. ಅಕ್ಕ ತಮ್ಮ ಸೇರಿ ನಡೆಸುತ್ತಿದ್ದ, ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಅದು. ಬಣ್ಣ ಹತ್ತಲೆಂದು ಹಂಡೆಗೆ ಉಪ್ಪು ಸುರಿಯುವ ಮುದುಕನನ್ನು ಎಲ್ಲರೂ ಉಪ್ಪಣ್ಣ ಎನ್ನುತ್ತಿದ್ದರು.

"ಅಕ್ಕ ಬೈದ ಬೈಗುಳಕ್ಕೆ ಕಲ್ಲಿಗೂ ಬಣ್ಣ ಹತ್ತಬೇಕಿತ್ತು ಕಣಯ್ಯ," ಎನ್ನುತ್ತಿದ್ದ ಉಪ್ಪಣ್ಣ. "ಆ ಪುಣ್ಯಾತ್ಮ ಮಾತ್ರ ತುಟಿ ಪಿಟಕ್ ಅನ್ನಲಿಲ್ಲ."

"ಮಾತ್ರೆ ಸರಿಯಾಗಿ ತಗೊಂಡಿದ್ರೆ ಹೀಗಿರ್ತಿದ್ನಾ?" ಎಂದ ಪಕ್ಕದ ಅಂಗಡಿಯವನು. "ನಮ್ಮ ಟೀಚರಮ್ಮಂಗೂ ಇದೇ ಕಾಯಿಲೆ. ಮಾತ್ರೆ ತಗೊಂಡು ಈಗ ಹೇಗೆ ಓಡಾಡ್ತಾರೆ ನೋಡು!"

ಆ ಮಾತನ್ನು ಜನರ ಬಾಯಿಗೆ ಹಾಕಿದವಳೇ ಅಕ್ಕ.

*

ಬಣ್ಣದ ಮನೆಯಲ್ಲಿ ಎಲ್ಲದಕ್ಕೂ ಒಬ್ಬ ತಪ್ಪಿತಸ್ಥ ಇರಲೇಬೇಕಿತ್ತು. ಬಣ್ಣ ಹತ್ತಲಿಲ್ಲವೆಂದರೆ ಯಾರೋ ನೂಲು ತೊಳೆದಿಲ್ಲ, ಇಲ್ಲವೇ ನೀರು ಕಾಯಿಸಿಲ್ಲ, ಇಲ್ಲವೇ ಉಪ್ಪಣ್ಣ ಕೈ ಬಿಗಿ ಹಿಡಿದಿದ್ದಾನೆ. ಹುಡುಕಿ ಬೈದರೆ ಮುಂದಿನ ಸಲ ಸರಿಯಾಗುತ್ತಿತ್ತು. ತಮ್ಮನ ವಿಷಯಕ್ಕೂ ಅಕ್ಕ ಅದೇ ಲೆಕ್ಕ ಹಾಕಿದ್ದಳು. ಮನಸ್ಸು ತೊಳೆಯಲೆಂದು ಬೆಳಗಾಗೆದ್ದು ಅವನನ್ನು ದೇವರ ಮುಂದೆ ಕೂರಿಸಿದಳು. ಅವನು ಕೂತ. ಮುಖ ಮಾತ್ರ ಹಾಗೇ ಉಳಿಯಿತು. ಬೀದಿಯಲ್ಲಿ ಬೇಗ ನಡಿ ಎಂದು ಗದರಿದಳು, ಅವನ ಭಾರದ ಹೆಜ್ಜೆ ಚುರುಕಾಗಲಿಲ್ಲ.

ಒಮ್ಮೆ ಹೊಸ ವ್ಯಾಪಾರಿಯಿಂದ ಬಂದ ನೂಲಿನ ಕಟ್ಟುಗಳಲ್ಲಿ ಒಂದು ಲಡಿ, ಕೆಂಪು ಬಣ್ಣ ಕುದಿಯುವ ಹಂಡೆಯಿಂದ ಬಿಳಿಚಿಕೊಂಡೇ ಮೇಲೆ ಬಂತು. "ಯಾವನು ತೊಳೆದೋನು ಇದನ್ನ?" ಎಂದು ಅಕ್ಕ ಸೆರಗು ಬಿಗಿದು ನಿಂತಳು. ತಮ್ಮ ಒಂದು ಎಳೆ ಕಿತ್ತು, ಒಣಗಿಸಿ, ಬೆಂಕಿಕಡ್ಡಿಗೆ ಹಿಡಿದ. ಹತ್ತಿಯಾದರೆ ಉರಿದು ಬೂದಿಯಾಗಬೇಕು. ಇದು ಪ್ಲಾಸ್ಟಿಕ್ಕಿನಂತೆ ಮುದುರಿ ಕಪ್ಪು ಮಣಿಯಾಯಿತು.

"ತೊಳೆದದ್ದೂ ಸರಿ ಇದೆ, ಬಣ್ಣಾನೂ ಸರಿ ಇದೆ ಅಕ್ಕ. ಈ ನೂಲಿನ ಗುಣ ಬೇರೆ. ಯಾರನ್ನ ಬೈತೀಯ?"

"ಹಂಗಾದ್ರೆ ವಾಪಸ್ ಕಳಿಸು."

"ಎಲ್ಲಾನೂ ವಾಪಸ್ ಕಳಿಸೋಕಾಗುತ್ತಾ?" ಎಂದು ಅವಳನ್ನೇ ನೋಡಿದ. ಅಕ್ಕ ಆಗಲೇ ವ್ಯಾಪಾರಿಯ ಜನ್ಮ ಜಾಲಾಡಲು ಹೊರಟಿದ್ದಳು.

*

"ಏನು ಹುಡುಕ್ತಿದೀರಿ ಅತ್ತಿಗೆ?"

ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅಕ್ಕನ ತಲೆಗೂದಲ ತುಂಬ ಹತ್ತಿ.

"ಅವನು ಬಚ್ಚಿಟ್ಟ ಮಾತ್ರೆ."

"ಸಿಗಲ್ಲ ಬಿಡಿ. ಎಲ್ಲಾ ನುಂಗಿದಾರೆ."

"ನುಂಗಿದ್ರೆ ವಾಸಿ ಆಗ್ತಿರಲಿಲ್ವೇನೇ?"

"ಡಾಕ್ಟರಿಗೂ ನಿಮ್ಮ ಹಾಗೇ ಅನುಮಾನ ಬಂದಿತ್ತು. ರಕ್ತ ತೆಗೆದು ನೋಡಿದ್ರು. ಎಷ್ಟಿರಬೇಕೋ ಅಷ್ಟು ಔಷಧಿ ರಕ್ತದಲ್ಲಿತ್ತು. ಬೇರೆ ಮಾತ್ರೆ ಕೊಟ್ರು, ಎರಡು ಸೇರಿಸಿ ಕೊಟ್ರು. ಕೆಲವರಿಗೆ ಈ ಮಾತ್ರೆಗಳು ಕೆಲಸಾನೇ ಮಾಡಲ್ವಂತೆ. ಯಾಕೆ ಅಂತ ಪೂರ್ತಿ ಅವರಿಗೂ ಗೊತ್ತಿಲ್ಲ. ನಿಮ್ಮದೇನೂ ತಪ್ಪಿಲ್ಲ ಅಂತ ಇವರಿಗೆ ಬಿಡಿಸಿ ಹೇಳಿದ್ರು. ಬೇರೆ ಥರದ ಚಿಕಿತ್ಸೆ ಇದೆ, ಶುರು ಮಾಡೋಣ ಅಂದಿದ್ರು. ಅಷ್ಟರಲ್ಲಿ…"

ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತಳು. "ನನಗ್ಯಾಕೆ ಹೇಳಲಿಲ್ಲ? ಅಷ್ಟು ಬೈದೆನಲ್ಲೇ!"

"ನಾನು ಹೇಳ್ತೀನಿ ಅಂದೆ. ಅವರೇ ತಡೆದ್ರು." ಅವಳ ದನಿ ಮೊದಲ ಸಲ ಒಡೆಯಿತು. "'ನಾನು ಮಾತ್ರೆ ಬಚ್ಚಿಡ್ತೀನಿ ಅಂತಲೇ ಅಕ್ಕ ಅಂದ್ಕೊಂಡಿರ್ಲಿ. ಇವತ್ತಲ್ಲ ನಾಳೆ ನುಂಗ್ತಾನೆ, ಸರಿಹೋಗ್ತಾನೆ ಅಂತ ಆಸೆ ಇಟ್ಕೊಂಡು ಬೈತಾಳೆ. ನುಂಗಿದ್ರೂ ಆಗಲಿಲ್ಲ ಅಂತ ಗೊತ್ತಾದ್ರೆ ಆ ಆಸೇನೂ ಹೋಗುತ್ತೆ' ಅಂದ್ರು."

ಅಕ್ಕ ಹೊಲಿಗೆ ಬಿಚ್ಚಿದ ದಿಂಬಿನೊಳಗೆ ಹತ್ತಿಯನ್ನು ಹಿಡಿಹಿಡಿಯಾಗಿ ತುಂಬತೊಡಗಿದಳು. ತಮ್ಮನ ಹೆಂಡತಿ ಪಕ್ಕ ಕೂತು ನೆಲದ ಮೇಲಿದ್ದುದನ್ನು ಆಯ್ದು ಕೊಟ್ಟಳು.

*

ಹೊರಡುವ ಹೊತ್ತಾಯಿತು. ಅಕ್ಕ ಅಂಗಳಕ್ಕೆ ಬಂದಾಗ ಅಂಗಡಿಯವನು ಇನ್ನೊಬ್ಬರ ಮುಂದೆ ಅದೇ ರಾಗ ತೆಗೆದಿದ್ದ. "ಮಾತ್ರೆ ಒಂದು ಸರಿಯಾಗಿ ತಗೊಂಡಿದ್ರೆ…"

"ತಗೊಂಡಿದ್ದ," ಎಂದಳು ಅಕ್ಕ. ಬಣ್ಣದ ಮನೆಯ ಕೊನೆಯ ಹಂಡೆಯವರೆಗೆ ಕೇಳಿಸುವ ಅವಳ ಹಳೆಯ ದನಿ. "ಒಂದೂ ಬಿಡದೆ ತಗೊಂಡಿದ್ದ. ಸುಳ್ಳು ಹೇಳಿದವಳು ನಾನು. ಇನ್ನು ಆ ಮಾತು ಯಾರೂ ಆಡಬೇಡಿ."

ಅಂಗಡಿಯವನು ತಲೆ ತಗ್ಗಿಸಿದ. ಅಕ್ಕ ಚಟ್ಟದ ಮುಂದಿನ ಮೂಲೆಗೆ ಹೆಗಲು ಕೊಡಲು ಹೋದಳು. ಉಪ್ಪಣ್ಣ ಬೇಡವೆನ್ನಲು ಬಾಯಿ ತೆರೆದು, ಅವಳ ಮುಖ ನೋಡಿ, ಸರಿದು ಜಾಗ ಬಿಟ್ಟ.

ಬೀದಿಗೆ ಇಳಿದ ಮೇಲೆ, ಒದ್ದೆ ಲಡಿ ತೂಗುಹಾಕಿದ ಗಳ ಹೊತ್ತು ಓಡಿ ಅಭ್ಯಾಸವಿದ್ದ ಕೆಲಸದವರ ಕಾಲುಗಳು ತಮಗೆ ತಾವೇ ಚುರುಕಾದವು.

"ನಿಧಾನ," ಎಂದಳು ಅಕ್ಕ. "ಅವನಿಗೆ ಜೋರಾಗಿ ನಡೆಯೋಕಾಗಲ್ಲ."

ಹೆಜ್ಜೆಗಳು ಸಣ್ಣವಾದವು. ಹಿಂದೆ ಬಂದ ಬಸ್ಸು ಹಾರನ್ ಹೊಡೆಯದೆ, ಅವರ ಹಿಂದೆಯೇ ತೆವಳುತ್ತ, ಬೀದಿಯ ತುದಿಯವರೆಗೂ ಬಂತು.