ಹಾಸಿಗೆಯ ತಗ್ಗು

ಬಾಗಿಲ ಮೇಲೆ ‘ಸಮಗ್ರ ಮನೋಚಿಕಿತ್ಸೆ’ ಎಂದು ಬರೆದಿತ್ತು. ಕೆಳಗಡೆ ಸ್ಕೂಟರ್ ಬಿಡಿಭಾಗಗಳ ಅಂಗಡಿ, ಮೇಲೆ ಈ ಬೋರ್ಡು. ನನಗೆ ನಗು ಬಂತು. ಅಪ್ಪನಿಗೆ ಬರಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅಪ್ಪನಿಗೆ ನಿದ್ದೆಯೇ ಸರಿಯಾಗಿ ಹತ್ತುತ್ತಿರಲಿಲ್ಲ. ಹತ್ತಿದರೂ ಕೋಳಿನಿದ್ದೆ. ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಅರ್ಧ ಊರನ್ನು ತನ್ನ ಬೆನ್ನ ಹಿಂದೆ ತೂಕಡಿಸಲು ಬಿಟ್ಟವನಿಗೆ ತನ್ನ ಮನೆಯಲ್ಲಿ ಕಣ್ಣು ಮುಚ್ಚಲು ಆಗುತ್ತಿರಲಿಲ್ಲ. ಮಾತ್ರೆ ಅಂದರೆ ಮಾರುದೂರ ಓಡುತ್ತಿದ್ದ. ಅದಕ್ಕೇ ಇಲ್ಲಿಗೆ ಕರೆತಂದಿದ್ದೆ.

ಮನಶ್ಶಾಸ್ತ್ರಜ್ಞೆ ನನ್ನ ವಯಸ್ಸಿನವರೇ. ಅಳುವವರಿಗೆಂದು ಟಿಶ್ಯೂ ಡಬ್ಬಿ, ಉದ್ದನೆಯ ಸೋಫಾ, ಕಿಟಕಿಯಲ್ಲಿ ನೀರು ಕಡಿಮೆಯಾದ ಒಂದು ಗಿಡ. ಅಮ್ಮನ ಬಗ್ಗೆ ಕೇಳುತ್ತಾರೆ ಅಂದುಕೊಂಡರೆ, ಸಂಜೆ ಎಷ್ಟು ಕಾಫಿ ಕುಡಿಯುತ್ತೀರಿ, ಬಿಸಿಲಿಗೆ ಹೋಗುತ್ತೀರಾ, ಯಾರ ಜೊತೆ ಮಾತಾಡುತ್ತೀರಿ, ಬೆನ್ನು ಎಲ್ಲಿ ಹಿಡಿಯುತ್ತದೆ ಎಂದು ಕೇಳಿದರು. ಎದ್ದು ನಡೆದು ತೋರಿಸಿ ಅಂದರು. ಅಪ್ಪ ಕಿಟಕಿಯವರೆಗೆ ಹೋಗಿ, ಡ್ರೈವಿಂಗ್ ಲೈಸೆನ್ಸಿಗೆ ಪರೀಕ್ಷೆ ಕೊಡುವವನಂತೆ ಎರಡೂ ಕಡೆ ನೋಡಿ ತಿರುಗಿ ಬಂದ.

‘ದುಃಖ ತಲೇಲಿ ಮಾತ್ರ ಇರಲ್ಲ,’ ಅಂದರು ಮೇಡಂ. ‘ಬೆನ್ನಲ್ಲೂ ಇರುತ್ತೆ, ಹೊಟ್ಟೇಲೂ ಇರುತ್ತೆ, ಮಲಗೋ ಕೋಣೇಲೂ ಇರುತ್ತೆ. ಎಲ್ಲಾನೂ ಒಟ್ಟಿಗೆ ನೋಡ್ಬೇಕು.’

ನೋಡಿದರು ಕೂಡ. ಸುಳ್ಳು ಹೇಳಬಾರದು. ರಕ್ತ ಪರೀಕ್ಷೆ ಮಾಡಿಸಿದರು, ಸಂಜೆಯ ಕಾಫಿ ಬಿಡಿಸಿದರು, ಬೆಳಗಿನ ಹೊತ್ತು ನಡೆಯಲು ಕಳಿಸಿದರು, ಹೊಟ್ಟೆಯ ಮೇಲೆ ಕೈಯಿಟ್ಟು ನಿಧಾನವಾಗಿ ಉಸಿರಾಡಲು ಕಲಿಸಿದರು. ಅಮ್ಮನ ಕಾಯಿಲೆಯ ದಿನಗಳನ್ನು ಒಂದೊಂದಾಗಿ ಅವನ ಬಾಯಿಂದ ಹೊರಡಿಸಿದರು. ಅಮ್ಮನ ಮಾತನ್ನೂ ಅಪ್ಪ ಇಷ್ಟು ಕೇಳಿದವನಲ್ಲ. ಮುಖದಲ್ಲಿ ಕಳೆ ಬರತೊಡಗಿತು. ಒಂದು ದಿನ ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ನನ್ನ ಹಳೆಯ ಅಡ್ಡಹೆಸರು ಹಿಡಿದು, ‘ಏನು ಜೋರಮ್ಮ, ಸಮುದ್ರಾನೇ ತಂದ್ಯಾ?’ ಅಂದ. ಅಡುಗೆಮನೆಗೆ ಹೋಗಿ ನಿಂತು ನಾನು ಒಬ್ಬಳೇ ನಕ್ಕೆ.

ಆಮೇಲೆ ಹಾಸಿಗೆಯ ಸರದಿ ಬಂತು.

‘ಎಷ್ಟು ಹಳೇದು?’ ಮೇಡಂ ಕೇಳಿದರು.

‘ಹತ್ತೀದು. ಬಹಳ ಹಳೇದು,’ ಅಂದ ಅಪ್ಪ.

‘ತಗ್ಗು ಬಿದ್ದಿದೆಯಾ?’

‘ಬಿದ್ದಿದೆ.’

‘ಬೆನ್ನುನೋವು ಅದರಿಂದಾನೇ ಇರ್ಬೇಕು. ಬದಲಾಯಿಸಿ ನೋಡೋಣ.’

ಅಪ್ಪ ಆ ಬಾಡಿದ ಗಿಡದ ಕಡೆ ನೋಡಿದ. ‘ಆಯ್ತು ಮೇಡಂ. ನೀವು ಹೇಳಿದ ಮೇಲೆ ಮುಗೀತು.’

ನಾನು ಹಿಂದುಮುಂದು ನೋಡದೆ ಹಾಸಿಗೆ ಅಂಗಡಿಗೆ ಹೋದೆ. ಅಂಗಡಿಯವನು ಫೋಮ್ ಹಾಸಿಗೆಗೆ ಮುಷ್ಟಿ ಒತ್ತಿ ತೆಗೆದ. ‘ನೋಡಿ, ತಕ್ಷಣ ಮೊದಲಿನ ಹಾಗೆ. ಎಷ್ಟು ವರ್ಷ ಮಲಗಿದ್ರೂ ಗುರುತು ಉಳಿಯಲ್ಲ.’ ನನಗೆ ಬಹಳ ಹಿಡಿಸಿತು. ಹೊಸದನ್ನು ತಂದವರೇ ಹಳೆಯದನ್ನು ಸುತ್ತಿ ಒಯ್ದರು. ಅವರಿಗೆ ಅಡ್ಡವಾಗದಿರಲೆಂದು ಅಪ್ಪನೇ ಬಾಗಿಲು ಹಿಡಿದುಕೊಂಡು ನಿಂತ.

ಅಲ್ಲಿಗೆ ಕೋಳಿನಿದ್ದೆಯೂ ಹೋಯಿತು. ಹೊಸ ಹಾಸಿಗೆಯ ಹೊದಿಕೆ ಬೆಳಿಗ್ಗೆ ನೋಡಿದರೂ ಸುಕ್ಕಾಗಿರುತ್ತಿರಲಿಲ್ಲ. ಅಪ್ಪ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಿದ್ದ. ಕೇಳಿದರೆ, ‘ಬೆನ್ನಿಗೆ ಚೆನ್ನಾಗಿದೆ’ ಅನ್ನುತ್ತಿದ್ದ. ನಡೆಯುವುದು ನಿಂತಿತು, ಊಟ ಎರಡು ತುತ್ತಿಗೆ ಇಳಿಯಿತು, ಕಣ್ಣು ಗುಳಿಬಿದ್ದವು. ಹೀಗೇ ಹೋದರೆ ಇವನೂ ಅಮ್ಮನ ಹಿಂದೆಯೇ ಹೊರಟುಬಿಡುತ್ತಾನೆಂದು ನನಗೆ ಭಯವಾಯಿತು.

ಮುಂದಿನ ಸಲವೂ ಮೇಡಂ ನನ್ನನ್ನು ಒಳಗೆ ಕೂರಿಸಿಕೊಂಡರು. ಅಪ್ಪನಿಗೆ ಕಣ್ಣು ಮುಚ್ಚಲು ಹೇಳಿದರು. ‘ಈಗ ನೋವು ಎಲ್ಲಿದೆಯೋ ಅಲ್ಲಿ ಕೈ ಇಡಿ.’

ಎದೆಯ ಮೇಲೆ ಇಡುತ್ತಾನೆ, ಇಲ್ಲವೇ ಬೆನ್ನು ಮುಟ್ಟುತ್ತಾನೆ ಅಂದುಕೊಂಡೆ. ಕೈ ಮೈಬಿಟ್ಟು ಎಡಕ್ಕೆ ಹೋಯಿತು. ಸೋಫಾದ ಖಾಲಿ ಜಾಗವನ್ನು ಮೆಲ್ಲಗೆ ಸವರಿತು.

‘ಇಲ್ಲಿ,’ ಅಂದ. ‘ಇಲ್ಲೊಂದು ತಗ್ಗಿತ್ತು. ಅವಳು ಮಗ್ಗುಲಾಗಿ ಮಲಗ್ತಿದ್ಲು. ಭುಜ ಇಲ್ಲಿ, ಸೊಂಟ ಇಲ್ಲಿ. ಹೋದ ಮೇಲೂ ಹಾಗೇ ಇತ್ತು. ಕೈ ಇಟ್ಕೊಂಡ್ರೆ ಒಂಚೂರು ನಿದ್ದೆ ಹತ್ತೋದು.’

‘ಅವತ್ತೇ ಯಾಕಪ್ಪ ಹೇಳ್ಲಿಲ್ಲ?’ ನನ್ನ ದನಿ ಏರಿತು.

‘ಏನಂತ ಹೇಳ್ಲಿ? ಈ ವಯಸ್ಸಲ್ಲಿ ಹಾಸಿಗೆ ತಗ್ಗಿಗೆ ಹಟ ಹಿಡಿಯೋದಾ? ನೀವಿಬ್ರೂ ನನ್ನ ಒಳ್ಳೇದಕ್ಕೇ ಒದ್ದಾಡ್ತಿದ್ರಿ.’

‘ತಗ್ಗಿದೆಯಾ ಅಂತ ಕೇಳಿದೆ,’ ಅಂದರು ಮೇಡಂ. ‘ಯಾರ ತಗ್ಗು ಅಂತ ಕೇಳಲಿಲ್ಲ. ತಪ್ಪು ನನ್ನದು.’ ‘ನಿಧಾನವಾಗಿ ಉಸಿರಾಡಿ’ ಅನ್ನಲಿಲ್ಲ, ಇನ್ನೊಂದು ಉಪಾಯ ಹೇಳಲಿಲ್ಲ. ಅಪ್ಪನ ಪಕ್ಕದ ಆ ಖಾಲಿ ಜಾಗವನ್ನೇ ನೋಡುತ್ತ ಕೂತರು. ಅವರ ಕಣ್ಣಲ್ಲಿ ನೀರಿತ್ತು.

ನಾನು ಅಪ್ಪನನ್ನು ಅಲ್ಲೇ ಬಿಟ್ಟು ಹಾಸಿಗೆ ಅಂಗಡಿಗೆ ಓಡಿದೆ.

‘ಹಳೇ ಹಾಸಿಗೆನಾ?’ ಅಂಗಡಿಯವನಿಗೆ ನೆನಪು ಮಾಡಿಕೊಳ್ಳಬೇಕಾಯಿತು. ‘ಅದನ್ನ ಆಗಲೇ ಬಿಚ್ಚಿ, ಹತ್ತಿ ಹಿಂಜಿ ದಿಂಬಿಗೆ ತುಂಬಾಯ್ತಲ್ಲ.’

ಅವನ ಮೇಲೆ ಹರಿಹಾಯೋಣವೆಂದರೆ ಅವನದೇನು ತಪ್ಪು? ಗೋಡೆಗೆ ಸಾಲಾಗಿ ಪ್ಲಾಸ್ಟಿಕ್ ಹೊದ್ದ ದಿಂಬುಗಳಿದ್ದವು. ಒಂದೊಂದನ್ನೂ ಒತ್ತಿ ನೋಡಿದೆ. ಎಲ್ಲವೂ ಒಂದೇ ಥರ ಮೆತ್ತಗಿದ್ದವು. ‘ಯಾವುದು ಬೇಕು?’ ಎಂದು ಅವನು ಕೇಳಿದ. ಬರಿಗೈಯಲ್ಲಿ ಬಂದೆ.

ಮಧ್ಯಾಹ್ನ ಮನೆ ತಲುಪಿದಾಗ ಅಪ್ಪ ಆಗಲೇ ಕುರ್ಚಿಯಲ್ಲಿದ್ದ. ಮೇಡಂ ತಾವೇ ತಂದು ಬಿಟ್ಟು ಹೋಗಿದ್ದರು. ನಾನು ಬ್ಯಾಗು ಕೆಳಗಿಟ್ಟು, ಮಾತಾಡದೆ ಅಮ್ಮನ ಜಾಗದಲ್ಲಿ ಮಗ್ಗುಲಾಗಿ ಮಲಗಿದೆ. ಎಲ್ಲರೂ ನನ್ನನ್ನು ಅಮ್ಮನ ತದ್ರೂಪು ಅನ್ನುತ್ತಾರೆ. ಅದೇ ಭುಜ, ಅದೇ ದಪ್ಪ ಸೊಂಟ. ಭಾರವನ್ನೆಲ್ಲ ಬಿಟ್ಟು ಮಲಗಿ, ಆಮೇಲೆ ಎದ್ದು ತಿರುಗಿ ನೋಡಿದೆ. ಹಾಸಿಗೆ ಸಮತಟ್ಟಾಗಿತ್ತು.

‘ಬಿಡು ಜೋರಮ್ಮ,’ ಅಂದ ಅಪ್ಪ. ‘ಅದು ಯಾರನ್ನೂ ಇಟ್ಕೊಳ್ಳಲ್ಲ.’

ಅಮ್ಮ ಹೋದಾಗಿನಿಂದ ನಾನು ಅತ್ತಿರಲಿಲ್ಲ. ಅಪ್ಪನ ಕಾಫಿ, ಅಪ್ಪನ ರಕ್ತ, ಅಪ್ಪನ ನಿದ್ದೆ ಎಂದು ಓಡಾಡುವುದರಲ್ಲಿ ಅಳಲು ಪುರುಸೊತ್ತೇ ಸಿಕ್ಕಿರಲಿಲ್ಲ. ಈಗ ಹಾಸಿಗೆಯ ಅಂಚಿನಲ್ಲಿ ಕೂತು, ಅಮ್ಮ ಬೇಕು ಎಂದು ಸಣ್ಣ ಹುಡುಗಿಯ ಹಾಗೆ ಅತ್ತೆ. ಅಪ್ಪ ತಡೆಯಲಿಲ್ಲ. ಕುರ್ಚಿಯನ್ನು ಎಳೆದುಕೊಂಡು ಹತ್ತಿರ ಬಂದ.

‘ಇನ್ನೊಂದ್ ಸ್ವಲ್ಪ ಹೊತ್ತು ಮಲ್ಕೋ,’ ಅಂದ. ‘ಎದ್ರೆ ತಗ್ಗು ಹೋಗ್ಬಿಡುತ್ತೆ.’

ಮತ್ತೆ ಮಲಗಿದೆ. ನನ್ನ ಭುಜದ ಪಕ್ಕ ಹಾಸಿಗೆ ಇಳಿಜಾರಾದ ಕಡೆ ಅವನು ಕೈ ಇಟ್ಟ. ಬಹಳ ಹೊತ್ತಾದ ಮೇಲೆ ಅವನ ತಲೆ ವಾಲಿತು, ಸಣ್ಣಗೆ ಗೊರಕೆ ಕೇಳಿಸಿತು. ನನ್ನ ತೋಳು ಜೋಮು ಹಿಡಿದಿತ್ತು. ನಾನು ಅಲುಗಾಡಲಿಲ್ಲ.