ಕಾಲು ತಾಗಿದರೆ

ಹುಲಿಗೆಮ್ಮನ ಆಣೆಗೂ ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಎಲ್ಲಾದರೂ ಸುಳ್ಳೆನಿಸಿದರೆ ತಪ್ಪು ಕಥೆಯದಲ್ಲ, ಕೇಳುವ ಕಿವಿಯದು.

ಹನುಮಸಾಗರದ ಹೊಳಿಯಮ್ಮನಿಗೆ ಹತ್ತೊಂಬತ್ತು ವರ್ಷ. ಅವ್ವನ ಜೊತೆ ಬೀಜದ ಹೊಲಗಳಲ್ಲಿ ಟೊಮೆಟೊ ಹೂವಿಗೆ ಹೂವು ಕೂಡಿಸುವ ಕ್ರಾಸಿಂಗ್ ಕೂಲಿ ಮಾಡುತ್ತಿದ್ದಳು. ಒಮ್ಮೆ ಬಸ್ಸಿನಲ್ಲಿ ಸೊಂಟ ಚಿವುಟಿದವನಿಗೆ ಒಂದೇ ಒಂದು ಕೊಟ್ಟಳು. ಅವನು ಟಿಕೆಟ್ ತೆಗೆಸಿದ್ದು ಕುಷ್ಟಗಿಗೆ, ಎಚ್ಚರಾದದ್ದು ಕೊಪ್ಪಳದಲ್ಲಿ.

ಅದೇ ಬಸ್ಸಿನಲ್ಲಿದ್ದ ಬಾಕ್ಸಿಂಗ್ ಮಾಸ್ತರ ಕುಬೇರಪ್ಪ ಮರುದಿನವೇ ಅವಳ ಮನೆ ಹುಡುಕಿಕೊಂಡು ಬಂದರು. ಗೊಬ್ಬರದ ಖಾಲಿ ಚೀಲಕ್ಕೆ ಮರಳು ತುಂಬಿ, ಬೇವಿನ ಮರಕ್ಕೆ ಕಟ್ಟಿ ಗುದ್ದಿಸಿದರು. ವರ್ಷದೊಳಗೆ ಎಂಟು ಚೀಲ ಹರಿದವು. ಒಂಬತ್ತನೆಯದು ಕಟ್ಟುವ ಹೊತ್ತಿಗೆ ಬೇವಿನ ಮರವೇ ಒಂದು ಮಾರು ಹಿಂದೆ ಸರಿದು ನಿಂತಿತ್ತು. ತಾಲೂಕು ಗೆದ್ದಳು, ಜಿಲ್ಲೆ ಗೆದ್ದಳು. ಯಲಬುರ್ಗಾದವಳೊಬ್ಬಳು ಇವಳು ಕೈಗವಸು ಹಾಕಿಕೊಳ್ಳುವುದನ್ನು ನೋಡಿಯೇ ಜ್ವರ ಬಂತೆಂದು ಬಸ್ ಹತ್ತಿದಳು.

ತೊಂದರೆ ಒಂದೇ. ಕಾಲು ಯಾರಿಗಾದರೂ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ಅಜ್ಜಿ ಮಾರೆವ್ವ ಕಲಿಸಿದ್ದಳು. ಎಲ್ಲ ಮನೆಗಳಲ್ಲೂ ಕಲಿಸುತ್ತಾರೆ. ಹೊಳಿಯಮ್ಮ ರಿಂಗಿನಲ್ಲೂ ಬಿಡಲಿಲ್ಲ. ಬಿದ್ದವಳಿಗೆ ಕಾಲು ತಾಗಿತೆಂದು ಬಗ್ಗಿದಳೆಂದರೆ ರೆಫರಿ ಎಣಿಕೆ ನಿಲ್ಲಿಸಿ ಇವಳನ್ನು ಮೂಲೆಗೆ ಅಟ್ಟಬೇಕು. ಅಷ್ಟರಲ್ಲಿ ಬಿದ್ದವಳು ಸುಧಾರಿಸಿಕೊಂಡು ಎದ್ದಿರುತ್ತಿದ್ದಳು.

ಗಂಗಾವತಿಯಲ್ಲಿ ರಾಜ್ಯಮಟ್ಟದ ಫೈನಲ್. ಗೆದ್ದರೆ ದಿಲ್ಲಿ, ಸೋತರೆ ಸೋಮವಾರದಿಂದ ಮತ್ತೆ ಟೊಮೆಟೊ ಹೊಲ. ಅದು ಅವ್ವನಿಗೆ ಕೊಟ್ಟ ಮಾತು. ಕೋಟು ಹಾಕಿದ ಅಧಿಕಾರಿಯೊಬ್ಬ ಮೊದಲೇ ಕರೆದು ಹೇಳಿದ.

“ಮೂರು ಸಲ ಹಾಗೆ ಬಗ್ಗಿದರೆ ಆಟದಿಂದ ಹೊರಗೆ, ತಿಳೀತಾ?”

“ಇಂಥಾ ಬಿಸಲಾಗ ಕೋಟ್ ಯಾಕ್ರಿ ಸರ?”

“ಅದು ನಮ್ಮ ಪದ್ಧತಿ.”

“ಇದು ನಮ್ದು ರಿ.”

ಕುಬೇರಪ್ಪ ಬೆವರು ಒರೆಸಿಕೊಂಡರು. “ಯವ್ವಾ, ಇದೊಂದಿನ ಬಿಡವಾ. ಮಾರೆವ್ವಗ ನಾ ಹೇಳತೀನಿ.”

“ನೀವು ಹೇಳತೀರಿ, ಆಕಿ ಕೇಳಬೇಕಲ್ರಿ? ಗುದ್ದೂದು ಆಟ. ಒದಿಯೂದು ಆಟ ಅಲ್ಲ. ಕಾಲು ತಾಗಿದ್ರ ಮುಟ್ಟಾಕಿನ ನಾನು.”

ಎದುರಾಳಿ ಬೆಂಗಳೂರಿನ ಅನ್ನಪೂರ್ಣ. ಮೊದಲ ಸುತ್ತಿನಲ್ಲೇ ಬಿದ್ದಳು. ಬೀಳುವಾಗ ಹೊಳಿಯಮ್ಮನ ಕಾಲು ಅವಳ ಭುಜಕ್ಕೆ ತಾಗಿತು. ಹೊಳಿಯಮ್ಮ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಎಚ್ಚರಿಕೆ ಒಂದು. ಅನ್ನಪೂರ್ಣ ಎದ್ದಳು, ಮತ್ತೆ ಗುದ್ದು ತಿಂದಳು, ಮತ್ತೆ ಬಿದ್ದಳು, ಮತ್ತೆ ಕಾಲು ತಾಗಿತು. ಎಚ್ಚರಿಕೆ ಎರಡು.

ಮೂರನೆಯ ಗುದ್ದಿನ ಸದ್ದಿಗೆ ಎಲ್ಲೋ ದೂರದ ಇಟಗಿ ಗುಡಿಯ ಪಾರಿವಾಳ ಹಾರಿದವು ಎನ್ನುತ್ತಾರೆ. ಅನ್ನಪೂರ್ಣ ಭತ್ತದ ಚೀಲದಂತೆ ಉರುಳಿದಳು. ಅಧಿಕಾರಿ ಪೆನ್ನು ತೆಗೆದ. ಕುಬೇರಪ್ಪ ಕಣ್ಣು ಮುಚ್ಚಿಕೊಂಡರು. ಹೊಳಿಯಮ್ಮನ ಕಣ್ಣ ಮುಂದೆ ಸೋಮವಾರದ ಟೊಮೆಟೊ ಹೂವುಗಳು ಸಾಲಾಗಿ ನಿಂತವು. ಆದರೇನು, ಕಾಲು ತಾಗಿತ್ತು. ಬಗ್ಗಲು ಹೊರಟಳು.

ಅನ್ನಪೂರ್ಣ ಮಲಗಿದಲ್ಲಿಂದಲೇ ಎರಡು ಉರುಳು ಆಚೆ ಉರುಳಿದಳು. ಅಧಿಕಾರಿಯ ಮೂರರ ಷರತ್ತು ಅವಳಿಗೇನು ಗೊತ್ತು? ಇವಳು ನಮಸ್ಕಾರ ಮಾಡಿದರೆ ಎಣಿಕೆ ನಿಂತು ತಾನು ಎದ್ದು ಮತ್ತೆ ತಿನ್ನಬೇಕೆಂಬ ಲೆಕ್ಕ ಅವಳ ಎರಡೂ ದವಡೆಗೆ ತಿಳಿದಿತ್ತು.

“ತಗಲಿಲ್ಲ! ಎಲ್ಲೂ ತಗಲಿಲ್ಲ, ನೀನು ಮೂಲೆಗೆ ಹೋಗಮ್ಮ!”

“ತಾಗೇತಿ ಬಿಡವಾ, ಇಲ್ಲೇ ಭುಜಕ್ಕ...”

“ನನ್ನ ಭುಜ ನನಗೆ ಗೊತ್ತಿಲ್ವಾ? ರೆಫರಿ ಸಾರ್, ನೀವು ಎಣಿಸಿ ಸಾರ್!”

ತಾಗಿಸಿಕೊಂಡವಳೇ ಇಲ್ಲವೆಂದ ಮೇಲೆ ಮುಟ್ಟುವುದೇನನ್ನು? ಹೊಳಿಯಮ್ಮ ಮೂಲೆಗೆ ನಡೆದಳು. ರೆಫರಿ ಹತ್ತರವರೆಗೆ ಎಣಿಸಿದ. ಅನ್ನಪೂರ್ಣ ಹನ್ನೆರಡಾದರೂ ಏಳಲಿಲ್ಲ.

ಸೋಮವಾರ ಹೊಳಿಯಮ್ಮ ದಿಲ್ಲಿ ರೈಲಿನಲ್ಲಿದ್ದಳು. ಜನವೋ ಜನ, ಕಾಲಿಡಲು ಜಾಗವಿಲ್ಲ. ದಿಲ್ಲಿ ಮುಟ್ಟುವುದರೊಳಗೆ ಮೂರು ಬೋಗಿಯವರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದಳು. ಅದರಲ್ಲೊಬ್ಬ ಟೀಸಿ, ಎಂಟು ಅಡಿ ಎತ್ತರದ ಆಳು, ಅವನು...

“ಏ ಕನಕರಾಜಾ, ಕತಿ ಕೇಳೂದು ಬಿಟ್ಟು ಎಲ್ಲಿಗೆ ಹೊಂಟಿಲೇ? ಕೂಡೋ, ಎಂಟು ಅಡಿ ಅಲ್ಲ, ಏಳೂವರೀ ಅನ್ನು, ಆ ಟೀಸಿ ಆಕಿಗೆ ಏನಂದ ಅಂದ್ರ...”