ಯಂತ್ರದೊಳಗಿನ ಹಳೆಯ ಕೋಣೆ

ಆ ಬೆಳಿಗ್ಗೆ ತೈನಾನ್ ಊರಿನ ಗೋಡೆಗಳೆಲ್ಲ ಬೆವರುತ್ತಿದ್ದವು. ಮಳೆಯಿಲ್ಲ, ಬಿಸಿಲೂ ಇಲ್ಲ. ಕಡಲ ಕಡೆಯ ಬೆಚ್ಚನೆಯ ತೇವ ನೆಲಕ್ಕೆ, ನೂಲಿನ ಉಂಡೆಗಳಿಗೆ, ಕಂಪ್ಯೂಟರಿನ ಪರದೆಗೆ ಒಂದೇ ಸಮ ಹತ್ತಿಕೊಂಡಿತ್ತು. ಯೂಜೆನ್ ಅಂಗಿಯ ತೋಳಿನಿಂದ ಪರದೆ ಒರೆಸಿ ಇನ್ನೊಮ್ಮೆ ನೋಡಿದಳು. ಕಸೂತಿಯ ವಿನ್ಯಾಸಗಳಿದ್ದ ಜಾಗದಲ್ಲಿ ಏನೂ ಇರಲಿಲ್ಲ.

"ಹಸಿರು ಪೊಟ್ಟಣದ ತಾರೀಖು ಮುಗಿದಿದ್ಯೇನೋ ನೋಡಿ ಅಕ್ಕ," ಅಂದಳು ಹೊಲಿಗೆ ಯಂತ್ರದ ಬಳಿಯಿಂದ ಕೆಲಸದ ಹುಡುಗಿ ಆಶಿಯು. ಕಂಪ್ಯೂಟರು ಹೇಳಿದ ಮಾತು ಕೇಳಲಿ ಎಂದು ಆ ಊರಲ್ಲಿ ಎಲ್ಲರೂ ಅದರ ತಲೆಯ ಮೇಲಿಡುವ ಕುರುಕಲು ತಿಂಡಿ ಅದು.

"ಹೋದ ಸಲದ್ದನ್ನ ನೀನೇ ತಿಂದೆಯಲ್ಲೇ."

"ಅದು ಹಳದಿ ಪೊಟ್ಟಣ. ಹಳದಿ ಇಟ್ರೆ ಯಂತ್ರ ಮುನಿಸ್ಕೊಳ್ಳತ್ತೆ ಅಂತ ತಿಂದು ಉಪಕಾರ ಮಾಡ್ದೆ."

"ಯಂತ್ರದ ತಪ್ಪೇನಿಲ್ಲ ಕಣೇ. ಅಳಿಸಿದ್ದು ನಾನು."

ಅವಳ ಗಂಡ ಜಿನ್‌ಫಾ ಬಳಸುತ್ತಿದ್ದ ಹಳೆಯ ತಂತ್ರಾಂಶ ಈಗಿನ ಕಂಪ್ಯೂಟರಿನ ಲಿನಕ್ಸ್ ವ್ಯವಸ್ಥೆಯಲ್ಲಿ ಕಣ್ಣೇ ಬಿಡುತ್ತಿರಲಿಲ್ಲ. ಅದಕ್ಕೆಂದೇ ಯೂಜೆನ್ ಹೊಸ ಯಂತ್ರದೊಳಗೆ ಒಂದು ಕೋಣೆ ಕಟ್ಟಿದ್ದಳು. ಕಂಪ್ಯೂಟರ್ ಕಸುಬಿನವರು ಅದನ್ನು ಸಿಎಚ್‌ರೂಟ್ ಎನ್ನುತ್ತಾರೆ. ಹಳೆಯ ಕಾಲದ ಸಾಮಾನುಗಳನ್ನೆಲ್ಲ ತುಂಬಿ ತಂತ್ರಾಂಶವನ್ನು ಒಳಗೆ ಕೂರಿಸಿದರೆ, ಪಾಪ, ಆ ಕೋಣೆಯೇ ಜಗತ್ತು ಎಂದು ನಂಬಿ ಅದು ಎದ್ದು ಕೂತಿತು. ವಿನ್ಯಾಸಗಳ ಕಡತಗಳಿದ್ದ ಕಪಾಟು ಮಾತ್ರ ಹೊರಗಿತ್ತು. ಅದು ಕಾಣಲೆಂದು ಗೋಡೆಗೆ ಒಂದು ಕಿಂಡಿ ತೆರೆದಿದ್ದಳು. ಇವತ್ತು ಕೋಣೆಯನ್ನು ಇನ್ನಷ್ಟು ಒಪ್ಪವಾಗಿ ಕಟ್ಟೋಣವೆಂದು ಇದ್ದುದನ್ನು ಅಳಿಸಲು ಯಂತ್ರಕ್ಕೆ ಆಜ್ಞೆ ಕೊಟ್ಟಳು. ಕಿಂಡಿ ಮುಚ್ಚಲು ಮರೆತಳು. ಆಜ್ಞೆ ಕಿಂಡಿಯಿಂದ ಹೊರಗೆ ದಾಟಿ ಕಪಾಟನ್ನೂ ಗುಡಿಸಿಬಿಟ್ಟಿತು. ನಕಲು ಪ್ರತಿಯೂ ಅದೇ ಕಪಾಟಿನಲ್ಲಿತ್ತು. ಹಳೆಯ ಯಂತ್ರ ಗುಜರಿಗೆ ಹೋಗಿಯಾಗಿತ್ತು.

ಕಡಲ ದೇವಿ ಮಾತ್ಸು ತಾಯಿಯ ಹುಟ್ಟುಹಬ್ಬ ಹತ್ತಿರ ಬಂದಿತ್ತು. ತಾಯಿಯ ವಿಗ್ರಹಕ್ಕೆ ಇವರ ಅಂಗಡಿ ಹೊಲಿದುಕೊಡುವ ಹೊಸ ಮೇಲುಹೊದಿಕೆ ಹಳೆಯದರಂತೆಯೇ, ಹೊಲಿಗೆಗೆ ಹೊಲಿಗೆ, ಇರಬೇಕು. ಅಜ್ಜನ ಕಾಲದ ಜೀರ್ಣವಾದ ಹೊದಿಕೆಯನ್ನು ಮುಂದಿಟ್ಟುಕೊಂಡು, ಡ್ರ್ಯಾಗನ್ನಿನ ಒಂದೊಂದು ಹುರುಪೆಯನ್ನೂ ಜಿನ್‌ಫಾ ಪೂಜೆಯಂತೆ ಕಂಪ್ಯೂಟರಿನಲ್ಲಿ ಬರೆದಿದ್ದ. ಆ ಹೊದಿಕೆ ಪುಡಿಯಾಗಿ, ಜಿನ್‌ಫಾ ಬೂದಿಯಾಗಿ, ಉಳಿದಿದ್ದುದು ಆ ವಿನ್ಯಾಸವೊಂದೇ.

"ವೆನ್‌ಹ್ವೋ ಅಣ್ಣ ಇದಾನಲ್ಲ," ಅಂದಳು ಆಶಿಯು. "ಯಜಮಾನ್ರ ಪಕ್ಕದಲ್ಲೇ ಕೂತು ಕೆಲಸ ಕಲಿತವ್ನು. ಅವನ ಕೈಗೆ ನೆನಪಿರತ್ತೆ."

ಯೂಜೆನ್ ಫೋನು ಮಾಡಿದಳು. ಆದದ್ದನ್ನೆಲ್ಲ ಹೇಳಿದಳು. "ಬರ್ತೀನಿ ಅತ್ತಿಗೆ," ಅಂದ ವೆನ್‌ಹ್ವೋ.

ವೆನ್‌ಹ್ವೋ ಸ್ವಂತ ಅಂಗಡಿ ಇಟ್ಟಾಗ, ವಿನ್ಯಾಸಗಳನ್ನು ಕದ್ದೊಯ್ದ ಎಂದು ಜಿನ್‌ಫಾ ಕೂಗಾಡಿದ್ದ. ವೆನ್‌ಹ್ವೋ ಮಾತ್ಸು ತಾಯಿಯ ಮುಂದೆ ಮಂಡಿಯೂರಿ, ಕದ್ದಿಲ್ಲವೆಂದು ಆಣೆ ಮಾಡಿ, ದೇವಿಯ ಉತ್ತರ ಕೇಳುವ ಅರ್ಧಚಂದ್ರಾಕಾರದ ಜೋಡಿ ಮರದ ತುಂಡುಗಳನ್ನು ಎಸೆದ. ಮೂರು ಸಲವೂ ಒಂದು ಅಂಗಾತ, ಒಂದು ಬೋರಲು: ತಾಯಿ ಹೂಂ ಅಂದಿದ್ದಳು. "ತಾಯಿಗಿಂತ ನಿಮ್ಮ ಅನುಮಾನ ದೊಡ್ಡದಾ?" ಎಂದು ಎಲ್ಲರೆದುರು ಗಂಡನನ್ನು ಕೇಳಿದವಳು ಯೂಜೆನ್. ಅಂದಿನಿಂದ ಜಿನ್‌ಫಾ ಅವಳ ಜೊತೆ ಕೂತು ಉಣ್ಣಲಿಲ್ಲ. ಆಸ್ಪತ್ರೆಯಲ್ಲೂ ಗಂಜಿಯನ್ನು ನರ್ಸಿನ ಕೈಯಿಂದಲೇ ಕುಡಿದ.

ವೆನ್‌ಹ್ವೋ ಬಂದ. ಚಹಾ ಬೇಡವೆಂದ. ಮೂಲೆಯ ಪೀಠದಲ್ಲಿದ್ದ ಮಾತ್ಸು ತಾಯಿಯ ವಿಗ್ರಹದ ಕಡೆ ತಿರುಗಲಿಲ್ಲ.

"ಎಷ್ಟು ನೆನಪಿದ್ಯೋ ಅಷ್ಟು ಬರಿ," ಅಂದಳು ಯೂಜೆನ್. "ಹೆಚ್ಚುಕಮ್ಮಿ ಆದ್ರೆ ತಾಯಿ ಹತ್ರ ನಾನು ಕ್ಷಮೆ ಕೇಳ್ಕೋತೀನಿ."

"ಬರೆಯೋದು ಬೇಡ ಅತ್ತಿಗೆ."

ಅವನು ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದ. "ಅವತ್ತು ಒಯ್ದದ್ದೆಲ್ಲಾ ಇದ್ರಲ್ಲಿದೆ. ಒಂದನ್ನೂ ಮಾರಿಲ್ಲ, ಹೊಲಿದೂ ಇಲ್ಲ."

ಆಶಿಯು ಯಂತ್ರ ನಿಲ್ಲಿಸಿದಳು. ಯೂಜೆನ್ ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಮೂರು ಸಲಾನೂ ಹೂಂ ಅಂತ ಬಿತ್ತಲ್ಲೋ," ಅಂದಳು.

"ಬಿತ್ತು ಅತ್ತಿಗೆ. ಯಾಕೆ ಬಿತ್ತೋ, ನಂಗೆ ಇವತ್ತಿಗೂ ಗೊತ್ತಿಲ್ಲ."

"ಅವರಿರೋವಾಗ ತಂದುಕೊಟ್ಟಿದ್ರೆ..."

ಅವನು ತಲೆ ತಗ್ಗಿಸಿ, ಹಿರಿಯರಿಗೆ ಕೊಡುವಂತೆ ಎರಡೂ ಕೈಯಲ್ಲಿ ಪೆನ್‌ಡ್ರೈವನ್ನು ಮುಂದೆ ಚಾಚಿದ. ಅವಳು ಕುರ್ಚಿ ಬಿಟ್ಟು, ಎರಡೂ ಕೈ ಒಡ್ಡಿ ತೆಗೆದುಕೊಂಡಳು.